ನೊರೀನ್ ಬರಲಿಲ್ಲ

ರೇಡಿಯೋದವರು ಬರುತ್ತಾರೆಂದು ವಿಲ್ಫ್ ಬೆಳಿಗ್ಗೆಯೇ ಟೈ ಕಟ್ಟಿಕೊಂಡು ಕೂತಿದ್ದ. ನೊರೀನ್ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅವನನ್ನು ನೋಡಿದಳು. ಮಗಳ ಮದುವೆಗೆ ಕೊಂಡ ಟೈ ಅದು. ಈಗ ಕುತ್ತಿಗೆ ಬಡವಾಗಿ, ಕಾಲರಿನೊಳಗೆ ಅವನ ಗಂಟಲು ಬಾವಿಗೆ ಬಿಟ್ಟ ಹಗ್ಗದ ಹಾಗೆ ಆಡುತ್ತಿತ್ತು. ಮೂಗಿಗೆ ಸಿಕ್ಕಿಸಿದ ಆಮ್ಲಜನಕದ ಕೊಳವೆ ಟೈಯ ಮೇಲೆ ಹಾದು ಕುರ್ಚಿ ಪಕ್ಕದ ಯಂತ್ರಕ್ಕೆ ಇಳಿದಿತ್ತು. "ರೇಡಿಯೋದಲ್ಲಿ ನಿನ್ನ ಟೈ ಯಾರಿಗೆ ಕಾಣುತ್ತೆ ವಿಲ್ಫ್?" ಅಂದಳು. "ಕಾಣದಿದ್ರೆ ಏನಂತೆ? ದನಿಯಲ್ಲಿ ಗೊತ್ತಾಗುತ್ತೆ ಕಣೆ. ಟೈ ಕಟ್ಟಿದವನ ದನೀನೇ ಬೇರೆ" ಎಂದು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ಮುಗಿಯುವ ತನಕ ಅವಳು ಕೈಯಲ್ಲಿ ಟೀ ಬಟ್ಟಲು ಹಿಡಿದು ನಿಂತಳು. ಅವನು ಕೆಮ್ಮುವಾಗ ಅವಳು ಏನನ್ನೂ ಯೋಚಿಸುವುದಿಲ್ಲ; ಅದೊಂದು ಅಭ್ಯಾಸವಾಗಿಬಿಟ್ಟಿದೆ. ಇವತ್ತು ಮಾತ್ರ ಯೋಚನೆ ನಿಲ್ಲಲಿಲ್ಲ. ಹೇಳಿಬಿಡುತ್ತೇನೆ ಎಂದು ಡೆನಿಸ್ ಸತ್ತ ಸುದ್ದಿ ಬಂದ ದಿನವೇ ಅಂದುಕೊಂಡಿದ್ದಳು. ಯಾರಿಗೆ, ಯಾಕೆ ಎಂದು ತಿಳಿಯದಿದ್ದರೂ ಆ ನಿರ್ಧಾರ, ಬೆರಳಿಗೆ ಹೊಕ್ಕ ಮೀನಿನ ಮುಳ್ಳಿನಂತೆ, ಒಳಗೇ ಕೂತಿತ್ತು.

ಡೆನಿಸ್ ಮಾರ್ಫ್ಲೀಟ್ ಹೋದ ತಿಂಗಳು ಪೋರ್ಚುಗಲ್ಲಿನಲ್ಲಿ ತನ್ನ ಈಜುಕೊಳದ ಪಕ್ಕ ಕುಸಿದು ಸತ್ತ. ಅವನು ಬೆಳೆದ ಊರು, ಇಂಗ್ಲೆಂಡಿನ ಮೀನು ಬಂದರು ಗ್ರಿಮ್ಸ್‌ಬಿಯ ಬೀದಿಬೀದಿಯಲ್ಲೂ ಅವನ ಹಾಡು ಕೇಳಿಸಿತು. ಅವನು ಹಾಡು ಬಹಳ ಕಟ್ಟಿದ್ದನಾದರೂ ಜನಕ್ಕೆ ಬೇಕಾದದ್ದು ಒಂದೇ: 'ನೊರೀನ್ ಬರಲಿಲ್ಲ'. ಡೋಲು ಟಕಟಕನೆ ಶುರುವಾಗುತ್ತದೆ, ಆಮೇಲೆ ಗಿಟಾರ್, ಆಮೇಲೆ ಅವನ ಹರಿದ ದನಿ. ರೈಲು ನಿಲ್ದಾಣದಲ್ಲಿ ಹುಡುಗನೊಬ್ಬ ಎರಡು ಟಿಕೆಟ್ ಹಿಡಿದು ನಿಂತಿದ್ದಾನೆ. ರೈಲು ಬರುತ್ತದೆ, ಹೋಗುತ್ತದೆ. ನೊರೀನ್ ಬರಲಿಲ್ಲ. ಅಷ್ಟೇ ಹಾಡು. ನಲವತ್ತು ವರ್ಷಗಳಿಂದ ಅದು ಅವಳ ಹಿಂದೆ ಬಿದ್ದಿತ್ತು. ಬಸ್ಸು ತಡವಾದರೆ ಜನ ಅದನ್ನೇ ಗುನುಗುತ್ತಿದ್ದರು. ಎದುರಾಳಿ ತಂಡದವನು ಹೊಡೆದ ಚೆಂಡು ಗೋಲು ತಪ್ಪಿದರೆ ಫುಟ್‌ಬಾಲ್ ಮೈದಾನದ ಒಂದಿಡೀ ಬದಿ ಎದ್ದು ನಿಂತು ಅದನ್ನೇ ಕೂಗುತ್ತಿತ್ತು. ಹಲ್ಲಿನ ಡಾಕ್ಟರ ಬಳಿ ಹೋದರೆ, "ಓ, ಕೊನೆಗೂ ಬಂದ್ರಾ ನೊರೀನ್!" ಎಂದು ಅವನು ತಾನೇ ಮೊದಲು ಹೇಳಿದ ತಮಾಷೆಯೆಂಬಂತೆ ನಗುತ್ತಿದ್ದ. ಮಗಳ ಮದುವೆಯ ಔತಣದಲ್ಲೂ ಅದನ್ನು ಹಾಕಿದ್ದರು. ಎಲ್ಲರೂ ಅವಳತ್ತ ತಿರುಗಿ ಗ್ಲಾಸು ಎತ್ತಿದಾಗ ಅವಳು ನಕ್ಕಿದ್ದಳು, ವಿಲ್ಫ್ ಎದ್ದು ನಿಂತು ಬಾಗಿ ನಮಸ್ಕರಿಸಿದ್ದ. ಯಾಕೆಂದರೆ ಆ ಹಾಡಿನ ಹುಡುಗಿಯನ್ನು ಗೆದ್ದವನು ಅವನು. ನೊರೀನ್ ಬರಲಿಲ್ಲ, ಯಾಕೆ ಬರಲಿಲ್ಲ? ವಿಲ್ಫ್ ಗಾರ್ಟನ್ ಎಂಬ ಹಡಗಿನ ಹುಡುಗ ಇದ್ದ, ಅದಕ್ಕೆ. ಇಡೀ ಊರಿಗೆ ಗೊತ್ತಿದ್ದ ಮಾತು ಇದು. ಹೊರಗಿನವರು ಮೀನು ಹಿಡಿಯದಂತೆ ಐಸ್‌ಲ್ಯಾಂಡಿನವರು ತಮ್ಮ ಸಮುದ್ರಕ್ಕೆ ಬೇಲಿ ಹಾಕಿದ ಮೇಲೆ ಇಲ್ಲಿಯ ಮೀನು ಹಡಗುಗಳನ್ನು ಒಡೆದು ಗುಜರಿಗೆ ಕೊಟ್ಟರು. ವಿಲ್ಫ್ ಮುಂದೆ ಏನೇನೋ ಕೆಲಸ ಮಾಡಿದ, ಯಾವುದೂ ನಿಲ್ಲಲಿಲ್ಲ. ಊರ ಗಂಡಸರು ಬಿಯರಿಗೆ ಸೇರುವ ಕ್ಲಬ್ಬಿನಲ್ಲಿ ಅವನನ್ನು ಯಾರೂ ಮೀನುಗಾರ ಅನ್ನಲಿಲ್ಲ, ಯಾಕೆಂದರೆ ಅಲ್ಲಿದ್ದವರೆಲ್ಲ ಒಂದು ಕಾಲದ ಮೀನುಗಾರರೇ. "ಇವನೇ ಕಣ್ರೋ, ಮಾರ್ಫ್ಲೀಟನ ಹುಡುಗೀನ ಹೊಡ್ಕೊಂಡವನು" ಅನ್ನುತ್ತಿದ್ದರು. ಅವನಿಗೆ ಬಿಯರು ತರಿಸುತ್ತಿದ್ದರು.

ಮದುವೆಗೆ ಮುಂಚೆ, ಮೀನಿನ ಕಾರ್ಖಾನೆಯಲ್ಲಿ ಅವಳದು ಹ್ಯಾಡಕ್ ಮೀನು ಸೀಳುವ ಮೇಜಾಗಿತ್ತು. ಬೆಳಗಿನ ಜಾವದ ಚಳಿಗೆ ಬೆರಳು ಸೆಟೆದುಕೊಂಡು, ಚಾಕು ಎಲ್ಲಿ ಮುಗಿದು ಕೈ ಎಲ್ಲಿ ಶುರುವಾಯಿತೆಂದು ಗೊತ್ತಾಗುತ್ತಿರಲಿಲ್ಲ. ಐಸು ಸುರಿಯುವ ಕೆಲಸಕ್ಕೆ ಬರುತ್ತಿದ್ದ ಡೆನಿಸ್, ಉದ್ದ ಕೂದಲನ್ನು ಟೋಪಿಯೊಳಗೆ ತುರುಕಿಕೊಂಡು, ಹೆಂಗಸರ ಬೈಗುಳಕ್ಕೆ ಹಲ್ಲು ಕಿರಿಯುತ್ತಿದ್ದ. "ಲೋ, ಹಾಡುಗಾರ, ಐಸು ಹಾಕ್ತೀಯೋ ಇಲ್ಲಾ ನಿನ್ನ ಕೂದಲು ಕತ್ತರಿಸಿ ಮೀನಿನ ಜೊತೆ ಕಟ್ಟಿಬಿಡ್ಲೋ?" ಎಂದು ಮೇಸ್ತ್ರಿ ಹಿಲ್ಡಾ ಕೂಗುತ್ತಿದ್ದಳು. ಕೆಲಸ ಬಿಟ್ಟು ಹೋಗುವ ಹುಡುಗಿಗೆ, ಅದು ಮದುವೆಗಿರಲಿ ಬೇರೆ ಊರಿಗಿರಲಿ, ಮೇಜಿನವರೆಲ್ಲ ಚಾಕುವಿನ ಹಿಡಿಯಿಂದ ಉಕ್ಕಿನ ಹಲಗೆ ಬಡಿದು ಬೀಳ್ಕೊಡುವ ರೂಢಿ ಇತ್ತು. ಮರುದಿನ ಡೆನಿಸನ ಜೊತೆ ರೈಲು ಹತ್ತಿ ಊರು ಬಿಡುವವಳಿದ್ದಳು; ಆ ಶುಕ್ರವಾರ ಅವಳಿಗೂ ಬಡಿದರು. ಟಕಟಕ ಟಕ, ಟಕಟಕ ಟಕ, ಇಡೀ ಕೋಣೆ, ಎದೆಯ ಮೂಳೆ ಅದುರುವ ಹಾಗೆ. ಬಾಗಿಲಲ್ಲಿ ಖಾಲಿ ಡಬ್ಬ ಹಿಡಿದು ನಿಂತಿದ್ದ ಡೆನಿಸನ ಮುಖ ಆಗ ಬಿಳಿಚಿತ್ತು. ಅದು ಪ್ರೀತಿಯೆಂದು ಅವಳು ತಿಳಿದಳು. ಮುಂದೆ ಆ ಬಡಿತವೇ ಅವನ ಹಾಡಿನ ಡೋಲಾಗಿ ಲೋಕದ ಬಾಯಿಗೆ ಬಿದ್ದ ಮೇಲೆ, ತುಂಬ ತಡವಾಗಿ ಅವಳಿಗೆ ಹೊಳೆದದ್ದು: ಹೆದರಿದವನು ಹಾಗಿರುತ್ತಾನೆ. ಹೆದರಿಕೆಯಲ್ಲೂ ಅವನ ಕಿವಿ ಮಾತ್ರ ತನ್ನ ಕೆಲಸ ಮಾಡುತ್ತಿತ್ತು.

ರೇಡಿಯೋದಿಂದ ಬಂದವಳು ಹ್ಯಾರಿಯೆಟ್ ಎಂಬ ಹುಡುಗಿ. ಲಂಡನ್ನಿನ ಮಾತು, ಮಳೆಗೆ ಒದ್ದೆಯಾದ ಬೂಟು. ಬೂಟನ್ನು ಬಾಗಿಲಲ್ಲೇ ಕಳಚಿಟ್ಟು ಕಾಲುಚೀಲದಲ್ಲಿ ಒಳಗೆ ಬಂದದ್ದು ನೊರೀನಳಿಗೆ ಇಷ್ಟವಾಯಿತು. ಒಂದು ಬೆರಳು ಕಾಲುಚೀಲದ ತೂತಿನಿಂದ ಇಣುಕುತ್ತಿತ್ತು. ದೊಡ್ಡ ದೊಡ್ಡ ಹಾಡುಗಳು ಹುಟ್ಟಿದ ಕಥೆ ಹೇಳುವ ಕಾರ್ಯಕ್ರಮವಂತೆ. "ಸುಮ್ನೆ ನಿಮಗೆ ನೆನಪಿರೋದನ್ನ ಹೇಳಿ ಮಿಸೆಸ್ ಗಾರ್ಟನ್, ನಾನು ಇಲ್ಲೇ ಇಲ್ಲ ಅಂದ್ಕೊಳ್ಳಿ" ಎಂದು ಹುಡುಗಿ ಮೈಕನ್ನು ಬಿಸ್ಕತ್ತಿನ ತಟ್ಟೆ ಪಕ್ಕ ಇಟ್ಟಳು. ನೊರೀನ್ ಬಾಯಿ ತೆರೆಯುವುದರೊಳಗೆ ವಿಲ್ಫ್ ಶುರುಮಾಡಿದ್ದ. ಎಷ್ಟೋ ಸಲ ಹೇಳಿ ನುಣುಪಾದ ಕಥೆ. "ನಾನು ಆವತ್ತು ಬೆಳಿಗ್ಗೆ ತಾನೇ ಹಡಗಿಂದ ಇಳಿದಿದ್ದೆ ತಾಯಿ. ಮೈಯೆಲ್ಲ ಮೀನಿನ ವಾಸನೆ. ಇವಳು ಪೆಟ್ಟಿಗೆ ಹಿಡ್ಕೊಂಡು ಮನೆ ಬಾಗಿಲಲ್ಲಿ ನಿಂತಿದ್ದಾಳೆ. ಹಿಂದಿನ ಬೇಸಿಗೆ ಪಕ್ಕದೂರು ಕ್ಲೀಥಾರ್ಪ್ಸಲ್ಲಿ ಒಂದೇ ಒಂದು ಸಲ ಕುಣಿದಿದ್ವಿ, ಅಷ್ಟೇ ಪರಿಚಯ. ನಾನಂದೆ, ಎಲ್ಲಿಗೆ ಹೊರಟೆ? ಇವಳು ನನ್ನ ಮುಖ ನೋಡಿದ್ಲು. ಪೆಟ್ಟಿಗೆ ಕೆಳಗಿಟ್ಲು. ಎಲ್ಲೂ ಇಲ್ಲ ಅಂದ್ಲು." ಅವನು ಇಲ್ಲಿ ಯಾವಾಗಲೂ ಸ್ವಲ್ಪ ನಿಲ್ಲಿಸುತ್ತಾನೆ. ಕ್ಲಬ್ಬಿನಲ್ಲಾದರೆ ಈ ಜಾಗದಲ್ಲಿ ಜನ ಮೇಜು ತಟ್ಟುತ್ತಾರೆ. ಹುಡುಗಿ ಅದೇನೂ ತಿಳಿಯದೆ ತಲೆಯಾಡಿಸಿದಳು. ವಿಲ್ಫ್ ಉಸಿರೆಳೆದುಕೊಳ್ಳುವ ಶಬ್ದ ಮೈಕಿಗೆ ಹೋಗುತ್ತಿರಬೇಕು ಎಂದುಕೊಂಡಳು ನೊರೀನ್.

ನಿಜಕ್ಕೂ ವಿಲ್ಫ್ ಆ ವಾರ ಐಸ್‌ಲ್ಯಾಂಡಿನ ನೀರಿನಲ್ಲಿದ್ದ. ಅವನ ಹಡಗು ಬಂದದ್ದು ಅದಾದ ಎಷ್ಟೋ ದಿನದ ಮೇಲೆ. ಇದು ಅವನಿಗೂ ಗೊತ್ತು. ಮೊದಮೊದಲು ಕ್ಲಬ್ಬಿನಲ್ಲಿ ತಮಾಷೆಗೆ ಹೇಳಿದ್ದು, ಹೇಳುತ್ತ ಹೇಳುತ್ತ ಅವನೇ ಅದರೊಳಗೆ ಮನೆಮಾಡಿಕೊಂಡ. ಅವಳು ತಡೆಯಲಿಲ್ಲ. ಹೇಗೆ ತಡೆದಾಳು? ನಿಲ್ದಾಣದ ಬೆಂಚಿನ ಮೇಲೆ, ಅಮ್ಮನ ಪೆಟ್ಟಿಗೆಗೆ ಹಗ್ಗ ಸುತ್ತಿಕೊಂಡು, ಹಸಿರು ಕೋಟು ಹಾಕಿಕೊಂಡು, ಆ ಶನಿವಾರ ಡೆನಿಸನಿಗಾಗಿ ಕಾಯುತ್ತ ಕೂತಿದ್ದ ತನ್ನ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ಮಧ್ಯಾಹ್ನದ ರೈಲು ಹೋಯಿತು. ಮುಂದಿನದು ಹೋಯಿತು. "ಯಾರಿಗಮ್ಮ ಕಾಯ್ತಿದ್ದೀಯ?" ಎಂದು ಹಮಾಲಿಯವನು ಕೇಳಿದ. "ಅಣ್ಣನಿಗೆ" ಅಂದಳು. ಅವಳಿಗೆ ಅಣ್ಣ ಇರಲಿಲ್ಲ. ಹೊಟ್ಟೆಯ ಕೆಳಗೆ ಒತ್ತಡ ತಡೆಯಲಾರದಂತಾದರೂ ಎದ್ದು ಹೋಗಲು ಹೆದರಿಕೆ. ತಾನು ಒಳಗಿರುವಾಗಲೇ ಅವನು ಬಂದುಬಿಟ್ಟರೆ? ಕೊನೆಗೆ ಎದ್ದಳು. ಹೆಂಗಸರ ಕಕ್ಕಸಿನಿಂದ ಓಡಿ ಹೊರಬಂದಾಗ ಒಂದು ರೈಲಿನ ಹಿಂಬದಿ ತಿರುವಿನಲ್ಲಿ ಮರೆಯಾಗುತ್ತಿತ್ತು. ಅದೊಂದು ರೈಲು ಅವಳನ್ನು ವರ್ಷಗಟ್ಟಲೆ ಬಿಡಲಿಲ್ಲ. ಬಂದಿದ್ದ, ನೋಡಿದ, ನಾನು ಇರಲಿಲ್ಲ, ಹತ್ತಿ ಹೋದ. ಹಾಡು ಬಂದ ಮೇಲಂತೂ ಇದು ನಿಜವೇ ಇರಬೇಕು ಅನ್ನಿಸಿತ್ತು. ನನ್ನದೇ ತಪ್ಪು. ತಡೆದುಕೊಳ್ಳಬೇಕಿತ್ತು. ಇಂಥ ಕಾರಣಕ್ಕೆ ಒಂದು ಜನ್ಮ ಕೈತಪ್ಪಿತು ಎಂದು ಯಾರ ಹತ್ತಿರ ಹೇಳುವುದು?

ಸೋಮವಾರ ಬೆಳಿಗ್ಗೆ ಅವಳು ಕಾರ್ಖಾನೆಯ ಬಾಗಿಲಲ್ಲಿ ನಿಂತಾಗ ಮೇಜಿನವರೆಲ್ಲರ ಚಾಕು ಒಮ್ಮೆಗೇ ನಿಂತಿತು. ಹಿಲ್ಡಾ ಏನೂ ಕೇಳದೆ ಏಪ್ರನ್ ತಂದು ಕೈಗಿಟ್ಟಳು. ಆ ಕೇಳದೇ ಇದ್ದದ್ದೇ ಅವಳಿಗೆ ತಡೆಯಲಾಗಲಿಲ್ಲ. ಬೀಳ್ಕೊಡುಗೆ ಪಡೆದು ವಾಪಸು ಬಂದವಳು ಆ ಮೇಜಿನ ಚರಿತ್ರೆಯಲ್ಲಿ ಯಾರೂ ಇರಲಿಲ್ಲ. ಪಕ್ಕದವಳು ಮೆಲ್ಲಗೆ, "ಯಾಕೆ, ಬರ್ಲಿಲ್ವೇನೆ ಅವನು?" ಎಂದಳು. ಆ ಪ್ರಶ್ನೆಯಲ್ಲಿದ್ದ ಕರುಣೆ ಮುಖಕ್ಕೆ ರಾಚಿದ ಹಾಗಾಗಿ, ನೊರೀನಳ ಬಾಯಿಂದ ತಾನೇ ತಾನಾಗಿ ಬಂತು: "ಅವನ್ಯಾಕೆ ಬರಲ್ಲ? ನಾನೇ ಹೋಗಲಿಲ್ಲ. ಮನಸ್ಸಾಗಲಿಲ್ಲ." ಎಷ್ಟು ಸಲೀಸಾಗಿ ಬಂತು! ಹಿಲ್ಡಾ ಹಲಗೆಯ ಮೇಲೆ ಅಂಗೈ ಬಡಿದಳು. "ಭಲೇ ಹುಡುಗಿ! ಕಾಯಲಿ ಬಿಡು ಮುಂಡೇದು. ನಾವು ಕಾಯಲ್ವಾ, ಹಡಗು ಬರೋ ತನಕ?" ಹೆಂಗಸರು ನಕ್ಕರು. ಆ ವಾರವೆಲ್ಲ ಅವಳನ್ನು ಹೊಸಬಳಂತೆ ನೋಡಿದರು. ಗಂಡಸನ್ನು ಕಾಯಿಸಿದವಳು! ಅವಳೂ ಬೆನ್ನು ನೆಟ್ಟಗೆ ಮಾಡಿಕೊಂಡು ಓಡಾಡಿದಳು. ಶನಿವಾರ ಬೀದಿಯಲ್ಲಿ ಡೆನಿಸನ ತಾಯಿ ಎದುರಾಗಿ, "ನನ್ನ ಮಗನ ಎದೆ ಒಡೆದಲ್ಲೇ, ನಿನ್ನ ಮನೆ ಹಾಳಾಗ" ಎಂದು ಕಾಲಬುಡದಲ್ಲಿ ಉಗುಳಿದಾಗ ಅವಳು ತಲೆ ತಗ್ಗಿಸಿ ನಿಂತಳು. ಉಗುಳಿಸಿಕೊಂಡದ್ದರಲ್ಲೂ ಏನೋ ಒಂದು ಅಂತಸ್ತು ಇದ್ದಂತಿತ್ತು.

"ಅಂದ್ರೆ ಡೆನಿಸ್ ಬಗ್ಗೆ ನಿಮಗೆ ಸ್ವಲ್ಪನೂ ಬೇಜಾರಾಗಲಿಲ್ವಾ, ಅಷ್ಟು ಹೊತ್ತು ಒಬ್ಬರನ್ನ ಅಲ್ಲಿ ನಿಲ್ಲಿಸಿ?" ಹ್ಯಾರಿಯೆಟ್ ಕೇಳುತ್ತಿದ್ದಳು. ಮೃದುವಾಗಿಯೇ ಕೇಳಿದಳು, ಆದರೂ ಅದರೊಳಗೆ ಲೋಕದ ತಕರಾರು ಇತ್ತು. ನೊರೀನ್ ಹುಡುಗಿಯ ಕಾಲುಬೆರಳನ್ನು ನೋಡಿದಳು. ಹಾಡು ಹೆಸರಾದ ಮೇಲೆ ಡೆನಿಸ್ ಒಮ್ಮೆ ಕ್ಲೀಥಾರ್ಪ್ಸಿನ ಸಭಾಂಗಣಕ್ಕೆ ಹಾಡಲು ಬಂದಿದ್ದ. ವಿಲ್ಫ್ ಸಮುದ್ರದಲ್ಲಿದ್ದ, ಮಗು ಅಮ್ಮನ ಹತ್ತಿರ. ಅವಳು ವೇದಿಕೆಯ ಹಿಂದಿನ ಕೋಣೆಗೆ ಹೋಗಿ ನಿಂತಾಗ ಅವನಿಗೆ ಗುರುತು ಸಿಗಲು ಒಂದು ಗಳಿಗೆ ಬೇಕಾಯಿತು. ಅವಳ ಹೆಸರನ್ನು ದಿನಾ ಕೂಗುವ ಬಾಯಿ, ಅವಳ ಮುಖಕ್ಕೆ ತಡಕಾಡಿತು. ಆಮೇಲೆ ನಗುತ್ತ ಅಪ್ಪಿಕೊಂಡ. ಅವಳು ಕೇಳಲೆಂದೇ ಬಂದಿದ್ದಳು: ಆ ರೈಲಿನಲ್ಲಿ ಇದ್ದೆಯಾ? ಕೇಳಿದ್ದು ಮಾತ್ರ, "ಆವತ್ತು ಸ್ಟೇಷನ್ನಿಗೆ ಎಷ್ಟು ಹೊತ್ತಿಗೆ ಬಂದೆ?" ಎಂದು. ಅವನು ಅಕ್ಕಪಕ್ಕ ನೋಡಿ ದನಿ ತಗ್ಗಿಸಿದ. "ಯಾರಿಗೂ ಹೇಳ್ಬೇಡ ಕಣೆ. ನಾನು ಹಿಂದಿನ ರಾತ್ರೀನೇ ಹುಡುಗರ ವ್ಯಾನಿನಲ್ಲಿ ಹೊರಟುಬಿಟ್ಟಿದ್ದೆ. ಪುಕ್ಕಲ ನಾನು. ಆಮೇಲೆ ಅಮ್ಮನ ಫೋನು ಬಂತು, ನೀನೂ ಹೋಗಿರಲಿಲ್ವಂತೆ. ಎದೆ ಮೇಲಿಂದ ಬಂಡೆ ಇಳಿದ ಹಾಗಾಯ್ತು ಗೊತ್ತಾ? ಅದೇ ಖುಷೀಲಿ ಕೂತು ಹಾಡು ಬರೆದೆ." ಹಾಗಾದರೆ 'ಡೆನಿಸ್ ಬರಲಿಲ್ಲ' ಅಂತ ಯಾಕೆ ಬರೆಯಲಿಲ್ಲ ಎಂದು ಅವಳು ಹೇಗೋ ಕೇಳಿದಳು, ತಮಾಷೆಯ ಹಾಗೆ. ಅವನು ಗಹಗಹಿಸಿ ನಕ್ಕ. "ಅದನ್ನ ಯಾರು ಕೇಳ್ತಾರೆ ಹೇಳು? ಮತ್ತೆ ನೊರೀನ್ ಅಂದ್ರೆ ಎಳೆಯೋಕೆ ಬರುತ್ತೆ. ನೊರೀ...ನ್. ಡೆನಿಸ್ ಅಂದ್ರೆ ಅಲ್ಲೇ ಮುಗಿದು ಹೋಗುತ್ತೆ." ಅವಳೂ ನಕ್ಕಳು. ನಾನು ಬಂದಿದ್ದೆ ಎಂದು ಹೇಳಬಹುದಾಗಿದ್ದ ಗಳಿಗೆ ಅದು. ಹೇಳಿದ್ದರೆ ಆ ಮುಖದ ಮೇಲೆ ಮೂಡಬಹುದಾಗಿದ್ದ ಕರುಣೆ ನೆನೆದು ಬಾಯಿ ಕಟ್ಟಿತು. ತಾನೇ ಹೋಗಲಿಲ್ಲವೆಂಬ ಆ ಸುಳ್ಳನ್ನು ಅವಳು ಹೇಳಿದ್ದು ಒಂದೇ ಸಲ, ಮೀನಿನ ಮೇಜಿನ ಮುಂದೆ. ಅದರಿಂದ ಅವನು ಹಾಡು ಕಟ್ಟಿದ. ಅದರ ಮೇಲೆ ವಿಲ್ಫ್ ಮನೆ ಕಟ್ಟಿದ. ಮನೆಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಅಳುವೂ ಬರಲಿಲ್ಲ. ಕಕ್ಕಸಿಗೆ ಹೋದದ್ದು ತಪ್ಪಾಗಿರಲಿಲ್ಲ ಎಂಬ ಒಂದು ಸಮಾಧಾನವಿತ್ತು. ಆ ಸಮಾಧಾನವೇ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತಂದಿತು.

"ನಾನು ಹೋಗಿದ್ದೆ" ಅಂದಳು ನೊರೀನ್.

ಹುಡುಗಿಗೆ ಅರ್ಥವಾಗಲಿಲ್ಲ. ವಿಲ್ಫ್ ಟೈಯನ್ನು ಸರಿಮಾಡಿಕೊಳ್ಳುತ್ತಿದ್ದವನು ಹಾಗೇ ಕೈ ನಿಲ್ಲಿಸಿದ. "ಸ್ಟೇಷನ್ನಿಗೆ. ನಾನು ಹೋಗಿದ್ದೆ. ಸಂಜೆ ತನಕ ಕೂತಿದ್ದೆ. ಬರದೇ ಇದ್ದವನು ಅವನು." ಇಷ್ಟು ಚಿಕ್ಕದಿತ್ತೇ ಇದು? ಒಳಗಿದ್ದಾಗ ಮನೆಯಷ್ಟು ದೊಡ್ಡದಿತ್ತು. ಹಸಿರು ಕೋಟಿನ ಆ ಹುಡುಗಿ ಯಾರ ಕಥೆಯಲ್ಲೂ ಇರಲಿಲ್ಲ, ಡೆನಿಸನ ಹಾಡಿನಲ್ಲಿಲ್ಲ, ವಿಲ್ಫನ ಮಾತಿನಲ್ಲಿಲ್ಲ. ವಾರಸುದಾರರಿಲ್ಲದ ಗಂಟಿನಂತೆ ಆ ಬೆಂಚಿನ ಮೇಲೇ ಉಳಿದುಬಿಟ್ಟಿದ್ದಳು. ಒಬ್ಬರಾದರೂ ಅವಳನ್ನು ನೋಡಲಿ ಎಂಬುದಷ್ಟೇ ಆಸೆ. ಹ್ಯಾರಿಯೆಟ್ ನೋಡುತ್ತಿದ್ದಳು ನಿಜ. ಕಣ್ಣು ಹೊಳೆಯುತ್ತಿತ್ತು. ಅದು ಬಲೆಯೆತ್ತುವಾಗ ಭಾರ ತಿಳಿದವರ ಹೊಳಪು. "ಇದನ್ನ ಇನ್ನೊಂದು ಸಲ ಹೇಳ್ತೀರಾ ಮಿಸೆಸ್ ಗಾರ್ಟನ್? ಮೊದಲಿಂದ, ನಿಧಾನವಾಗಿ. ಯಂತ್ರದ ಸದ್ದು ನಡುವೆ ಬಂತು." ನೊರೀನ್ ಮೊದಲಿಂದ ಹೇಳಿದಳು. ಎರಡನೆಯ ಸಲ ಹೇಳುವಾಗ ಅದು ಯಾರದೋ ಕಥೆಯಾಗಿತ್ತು. ವಿಲ್ಫ್ ಕಿಟಕಿಯತ್ತ ಮುಖ ಮಾಡಿ ಕೂತಿದ್ದ. ಕೊನೆಗೆ ಹುಡುಗಿ, "ಮಿಸ್ಟರ್ ಗಾರ್ಟನ್, ನಿಮಗಿದು ಗೊತ್ತಿತ್ತಾ?" ಎಂದಾಗ ಅವನು ಬಹಳ ವಿನಯದಿಂದ, "ಬಿಸ್ಕತ್ತು ತಗೋ ತಾಯಿ, ಹಾಗೇ ಉಳಿದಿದೆ" ಎಂದ.

ಕಾರ್ಯಕ್ರಮ ಬಂದದ್ದು ಮೂರು ವಾರದ ಮೇಲೆ. ಅಷ್ಟು ದಿನವೂ ಅವರಿಬ್ಬರ ನಡುವೆ ಮಾತಿತ್ತು: ಮಾತ್ರೆ ನುಂಗಿದೆಯಾ, ಕಿಟಕಿ ಹಾಕು, ಆಲೂಗಡ್ಡೆಗೆ ಉಪ್ಪು ಸಾಲದು. ರೇಡಿಯೋದಲ್ಲಿ ಅವಳ ದನಿ ಮುದುಕಿಯ ದನಿಯಾಗಿತ್ತು. ವಿಲ್ಫನ ಕಥೆಯನ್ನು ಪೂರ್ತಿ ಹಾಕಿ, ಅವನು ಮಾತು ನಿಲ್ಲಿಸುವ ಆ ಜಾಗದಲ್ಲೇ ಅವಳ 'ನಾನು ಹೋಗಿದ್ದೆ'ಯನ್ನು ತಂದು ಕೂರಿಸಿದ್ದರು. ಕೂಡಲೇ ಡೋಲು, ಗಿಟಾರ್. ಚೆನ್ನಾಗಿ ಮಾಡಿದ್ದರು; ಅವಳಿಗೇ ಮೈ ಜುಮ್ಮೆಂದಿತು. ಮರುದಿನ ಅಂಗಡಿಯಲ್ಲಿ ದುಡ್ಡು ತೆಗೆದುಕೊಳ್ಳುವ ಹುಡುಗಿ ಅವಳ ಕೈ ಹಿಡಿದು, "ಅಯ್ಯೋ ಪಾಪ, ನನಗೆ ಗೊತ್ತೇ ಇರ್ಲಿಲ್ಲ ಅಜ್ಜಿ" ಅಂದಳು. ಇಷ್ಟು ವರ್ಷ ಯಾರೂ ಅವಳಿಗೆ ಪಾಪ ಅಂದಿರಲಿಲ್ಲ. ಕಲ್ಲೆದೆಯವಳು ಅಂದಿದ್ದರು, ಸೊಕ್ಕಿನವಳು ಅಂದಿದ್ದರು, ಹಾಗನ್ನುವಾಗ ಗಂಡಸರು ಸ್ವಲ್ಪ ಹಿಂದೆ ಸರಿದು ನಿಲ್ಲುತ್ತಿದ್ದರು. ಡೆನಿಸನ ಅಭಿಮಾನಿಗಳು ಸತ್ತವನಿಗೆ ಮಸಿ ಬಳಿದು ಹೆಸರು ಮಾಡಲು ಹೊರಟ ಮುದುಕಿ ಎಂದು ಬರೆದರಂತೆ. ಮಗಳು ಫೋನಿನಲ್ಲಿ ಹೇಳಿದಳು. "ಯಾಕಮ್ಮ ಹೇಳೋಕೆ ಹೋದೆ? ಅಪ್ಪನ ಬಗ್ಗೆ ಒಂದು ನಿಮಿಷ ಯೋಚ್ನೆ ಮಾಡಿದ್ಯಾ?" ಹಾಡು ಹಾಗೇ ಇತ್ತು. ಬಸ್ಸು ತಡವಾದಾಗ ಜನ ಅದನ್ನೇ ಗುನುಗಿದರು. ಆ ಹಾಡಿನಲ್ಲಿ ಮಾತ್ರ ತಾನು ಯಾರ ಹಂಗೂ ಇಲ್ಲದೆ, ತಾನಾಗಿ ಒಲ್ಲೆ ಅಂದವಳು. ಬೇರೆಲ್ಲೂ ಅಂಥ ಒಬ್ಬಳು ಇರಲಿಲ್ಲ, ಈಗ ಆ ಒಬ್ಬಳನ್ನೂ ತಾನೇ ಕೊಂದೆ ಎಂದು ಬಸ್‌ಸ್ಟಾಪಿನಲ್ಲಿ ಚೀಲ ಹಿಡಿದು ನಿಂತಾಗ ಅವಳಿಗೆ ಅನ್ನಿಸಿತು. ಬೆಂಚಿನ ಮೇಲಿನ ಹುಡುಗಿ ಇದರಿಂದ ಎದ್ದು ಮನೆಗೂ ಬರಲಿಲ್ಲ.

ಗುರುವಾರ ವಿಲ್ಫ್ ಎಂದಿನಂತೆ ಬ್ಯಾಟರಿ ಗಾಡಿಯಲ್ಲಿ ಕ್ಲಬ್ಬಿಗೆ ಹೋದ. ಹೋದಷ್ಟೇ ಬೇಗ ವಾಪಸು ಬಂದ. ಏನಾಯಿತೆಂದು ಪಕ್ಕದ ಮನೆಯ ಸ್ಟಾನ್ ಬೇಲಿಯಾಚೆಯಿಂದ ಹೇಳಿದ. ಯಾರೋ, "ಬಾರಪ್ಪಾ ವಿಲ್ಫ್, ಮಾರ್ಫ್ಲೀಟ್ ಬಿಟ್ಟ ಟಿಕೆಟ್ಟಿನಲ್ಲಿ ಪ್ರಯಾಣ ಮಾಡಿದವನು" ಅಂದರಂತೆ. ಎಲ್ಲರೂ ನಕ್ಕರಂತೆ, ಕೆಟ್ಟದ್ದಕ್ಕಲ್ಲವಂತೆ, ಎಂದಿನ ನಗುವೇ ಅಂತೆ. "ವಿಲ್ಫ್ ಕೂಡ ನಕ್ಕ ಕಣಮ್ಮ. ಆದ್ರೆ ಗ್ಲಾಸು ಮುಟ್ಟಲಿಲ್ಲ." ಮುಂದಿನ ಗುರುವಾರ ಅವನು ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ಗಾಡಿಯ ಬ್ಯಾಟರಿಗೆ ಕರೆಂಟು ಹಾಕಬೇಡ ಅಂದ.

ಚಳಿ ಶುರುವಾಗಿ ಅವನ ಕಾಲು ಊದಿಕೊಂಡಿತು. ಬಗ್ಗಲು ಉಸಿರು ಸಾಲದಾದ್ದರಿಂದ ಭಾನುವಾರಗಳಂದು ಅವಳೇ ಬೋಗುಣಿಯಲ್ಲಿ ಬಿಸಿನೀರು ತಂದು ಅವನ ಪಾದ ತೊಳೆದು ಉಗುರು ಕತ್ತರಿಸುತ್ತಿದ್ದಳು. ಹಡಗಿನ ಮಂಜಿಗೆ ಕಪ್ಪಾದ ಎರಡು ಬೆರಳು ಅವನಿಗೆ ಇಂದಿಗೂ ಮರಗಟ್ಟಿದ್ದವು. ಅವನ್ನು ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ. ಅವಳು ನೆಲದ ಮೇಲೆ ಕೂತು ತಲೆ ಬಗ್ಗಿಸಿದ್ದಾಗ ಮೇಲಿನಿಂದ ಅವನ ದನಿ ಬಂತು. ತುಂಬ ದಿನದಿಂದ ಜೋಪಾನ ಮಾಡಿಟ್ಟುಕೊಂಡಿದ್ದ ಪ್ರಶ್ನೆಯಂತಿತ್ತು. "ನೊರೀ, ಅವತ್ತು ಅವನು ಬಂದಿದ್ರೆ?"

ಅವಳು ತಲೆಯೆತ್ತಲಿಲ್ಲ. ಅವನ ಪಾದ ಅವಳ ಅಂಗೈಯಲ್ಲಿತ್ತು, ಭಾರವಾಗಿ, ತೇವವಾಗಿ. ಒಂದು ಸಣ್ಣ ಸುಳ್ಳು ಸಾಕಿತ್ತು. ನಿನಗೋಸ್ಕರ ವಾಪಸು ಬರ್ತಿದ್ದೆ ಕಣೋ, ಅಷ್ಟೇ. ಅಷ್ಟು ಹೇಳಿದರೆ ಈ ಮನುಷ್ಯ ಇನ್ನುಳಿದ ಚಳಿಗಾಲ ಅದನ್ನು ಹೊದ್ದು ಮಲಗಿಯಾನು. ಅವಳು ನಾಲಿಗೆಯ ಮೇಲೆ ಅದನ್ನು ಹುಡುಕಿದಳು. ಕಾರ್ಖಾನೆಯಲ್ಲಿ ಆ ಸೋಮವಾರ ಕೇಳದೆಯೇ ಬಂದ ಸುಳ್ಳು ಇಂದು ಬೇಡಿದರೂ ಬರಲಿಲ್ಲ. ಸುಮ್ಮನಿದ್ದರೂ ಸಾಕಿತ್ತು, ಆದರೆ ಸುಮ್ಮನಿರುವುದೂ ಆಗಲಿಲ್ಲ.

"ಹೋಗಿರ್ತಿದ್ದೆ ವಿಲ್ಫ್."

"ಹೂಂ" ಎಂದ ಅವನು. ಯಂತ್ರ ಉಸಿರೆಳೆಯಿತು, ಬಿಟ್ಟಿತು. ಆಮೇಲೆ, ಯಾವ ಸಿಟ್ಟೂ ಇಲ್ಲದ ದನಿಯಲ್ಲಿ, "ನೀರು ತಣ್ಣಗಾಯ್ತು ಕಣೆ" ಎಂದ.

ಅವಳು ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಬೋಗುಣಿ ತೆಗೆದುಕೊಂಡು ಬಿಸಿನೀರು ತರಲು ಒಳಗೆ ಹೋದಳು.